ಬಣ್ಣ ಎಲ್ಲಿ ಕೂರುತ್ತದೆ? ಟೀ ಶರ್ಟಿಗೆ ಮುದ್ರಣ ವಿಧಾನವನ್ನು ಆರಿಸುವ ಬಗೆ

ಅಕ್ಟೋಬರ್ ತಿಂಗಳು ಅರ್ಧ ಕಳೆಯುತ್ತಿದ್ದಂತೆ ಟೀ ಶರ್ಟು ಮುದ್ರಿಸುವ ಅಂಗಡಿಗಳಿಗೆ ಒಂದೇ ಬಗೆಯ ಗಿರಾಕಿಗಳು ಬರತೊಡಗುತ್ತಾರೆ. ನವೆಂಬರ್ 1ರ ರಾಜ್ಯೋತ್ಸವಕ್ಕೆಂದು ಅಪಾರ್ಟ್‌ಮೆಂಟಿನ ಕನ್ನಡ ಬಳಗಕ್ಕೆ 40 ಬೇಕು, ಕಾಲೇಜಿನ ಕನ್ನಡ ಸಂಘಕ್ಕೆ 200 ಬೇಕು, ಬೀದಿಯ ಗೆಳೆಯರ ಗುಂಪಿಗೆ 15 ಬೇಕು. ‘ಸ್ಕ್ರೀನ್ ಹಾಕ್ಸೋದಾ, ಡಿಟಿಎಫ್ ಮಾಡ್ಸೋದಾ?’ ಎಂದು ಅಂಗಡಿಯವರು ಕೇಳುತ್ತಾರೆ. ಜಾಲರಿಯ ಮೂಲಕ ಬಟ್ಟೆಗೆ ಬಣ್ಣ ಇಳಿಸುವುದು ಸ್ಕ್ರೀನ್, ಫಿಲ್ಮಿನ ಮೇಲೆ ಮುದ್ರಿಸಿ ಬಟ್ಟೆಗೆ ಒತ್ತುವುದು ಡಿಟಿಎಫ್. ‘ಯಾವ್ದು ಚೆನ್ನಾಗಿರತ್ತೆ ಸರ್?’ ಎಂದು ಬಂದವರು ತಿರುಗಿ ಕೇಳುತ್ತಾರೆ. ಆಗ ಸಿಗುವ ಉತ್ತರವು ಬಹುಮಟ್ಟಿಗೆ ಆ ಅಂಗಡಿಯಲ್ಲಿ ಯಾವ ಯಂತ್ರವಿದೆಯೋ ಅದರ ಹೆಸರೇ ಆಗಿರುತ್ತದೆ. ಇದರಲ್ಲಿ ಮೋಸವೇನೂ ಇಲ್ಲ. ತನಗೆ ಗೊತ್ತಿರುವ ಕೆಲಸವನ್ನೇ ಯಾರಾದರೂ ಒಳ್ಳೆಯದೆನ್ನುತ್ತಾರೆ. ಆದರೆ ಹಣ ಕೊಡುವವರಿಗೆ ಇನ್ನೂ ಸ್ವಲ್ಪ ತಿಳಿದಿರುವುದು ಒಳ್ಳೆಯದು.

‘ಯಾವುದು ಒಳ್ಳೆಯದು’ ಎಂಬ ಪ್ರಶ್ನೆಗೆ ಉತ್ತರವಿಲ್ಲ. ಉತ್ತರ ಸಿಗುವ ಪ್ರಶ್ನೆ ಬೇರೊಂದಿದೆ: ಮುದ್ರಣವಾದ ಮೇಲೆ ಬಣ್ಣವು ಬಟ್ಟೆಯಲ್ಲಿ ಎಲ್ಲಿ ಹೋಗಿ ಕೂರುತ್ತದೆ? ನೂಲಿನ ಎಳೆಯ ಒಳಗೇ ಸೇರಿಕೊಳ್ಳುತ್ತದೆಯೋ, ಎಳೆಗಳನ್ನು ಸುತ್ತಿಕೊಂಡು ಅವುಗಳ ನಡುವೆ ನಿಲ್ಲುತ್ತದೆಯೋ, ಅಥವಾ ಬಟ್ಟೆಯ ಮೇಲೆ ಬೇರೆಯೇ ಒಂದು ಪದರವಾಗಿ ಅಂಟಿಕೊಳ್ಳುತ್ತದೆಯೋ? ಮುಟ್ಟಿದಾಗ ಮೆತ್ತಗಿರುತ್ತದೆಯೇ, ಬೆವರಿದಾಗ ಗಾಳಿಯಾಡುತ್ತದೆಯೇ, ಕಪ್ಪು ಬಟ್ಟೆಯ ಮೇಲೆ ಹಳದಿ ಹಳದಿಯಾಗಿಯೇ ಕಾಣುತ್ತದೆಯೇ, ಐವತ್ತು ಸಲ ಒಗೆದ ಮೇಲೆ ಮಾಸುತ್ತದೆಯೇ ಅಥವಾ ಬಿರುಕು ಬಿಡುತ್ತದೆಯೇ ಎಂಬ ಎಲ್ಲ ಅನುಮಾನಗಳಿಗೂ ಉತ್ತರ ಈ ಒಂದು ಪ್ರಶ್ನೆಯಲ್ಲೇ ಇದೆ. ಉಳಿದದ್ದು ಎಷ್ಟು ಅಂಗಿ ಬೇಕು ಎಂಬ ಲೆಕ್ಕ.

ಸ್ಕ್ರೀನ್ ಪ್ರಿಂಟಿಂಗ್‌ನಿಂದಲೇ ಆರಂಭಿಸೋಣ, ಏಕೆಂದರೆ ಉಳಿದ ವಿಧಾನಗಳಲ್ಲಿ ಹೆಚ್ಚಿನವು ಇದರ ಯಾವುದೋ ಒಂದು ತೊಡಕನ್ನು ತಪ್ಪಿಸುವಂಥವು. ತಗಡಿನ ರಂಗೋಲಿ ಅಚ್ಚನ್ನು ನೋಡಿದವರಿಗೆ ಇದರ ತತ್ತ್ವ ಹೊಸದಲ್ಲ: ತೂತಿದ್ದ ಕಡೆ ಪುಡಿ ಇಳಿಯುತ್ತದೆ, ಇಲ್ಲದ ಕಡೆ ಇಳಿಯುವುದಿಲ್ಲ. ಇಲ್ಲಿ ತಗಡಿನ ಬದಲು ಚೌಕಟ್ಟಿಗೆ ಬಿಗಿದು ಕಟ್ಟಿದ ಸೂಕ್ಷ್ಮವಾದ ಜಾಲರಿ ಬಟ್ಟೆ ಇರುತ್ತದೆ. ಮ್ಯಾಂಚೆಸ್ಟರಿನ ಸ್ಯಾಮುಯಲ್ ಸೈಮನ್ 1907ರಲ್ಲಿ ಈ ವಿಧಾನಕ್ಕೆ ಪೇಟೆಂಟ್ ಪಡೆದಾಗ ಆ ಜಾಲರಿ ರೇಷ್ಮೆಯದಾಗಿತ್ತು. ಹಾಗಾಗಿಯೇ ಇದಕ್ಕೆ ಸಿಲ್ಕ್ ಸ್ಕ್ರೀನ್ ಎಂಬ ಹೆಸರು ಉಳಿಯಿತು. ಈಗ ಪಾಲಿಯೆಸ್ಟರ್ ಜಾಲರಿಯನ್ನು ಬಳಸುತ್ತಾರೆ. ಜಾಲರಿಗೆ ಬೆಳಕು ತಾಗಿದರೆ ಗಟ್ಟಿಯಾಗುವ ಎಮಲ್ಷನ್ ಸವರಿ ಒಣಗಿಸಿ, ಅದರ ಮೇಲೆ ವಿನ್ಯಾಸವನ್ನು ಕಪ್ಪಾಗಿ ಮುದ್ರಿಸಿದ ಪಾರದರ್ಶಕ ಫಿಲ್ಮ್ ಇಟ್ಟು ಬೆಳಕು ಹಾಯಿಸುತ್ತಾರೆ. ಕಪ್ಪು ಅಕ್ಷರಗಳ ನೆರಳಿನಲ್ಲಿ ಇದ್ದ ಭಾಗ ಗಟ್ಟಿಯಾಗದೆ ಉಳಿದು, ನೀರು ಹೊಡೆದಾಗ ತೊಳೆದುಹೋಗುತ್ತದೆ. ಹೀಗೆ ತೆರೆದುಕೊಂಡ ಜಾಗದ ಮೂಲಕ ರಬ್ಬರ್ ಅಲಗಿನ ಸ್ಕ್ವೀಜಿಯಿಂದ ಬಣ್ಣವನ್ನು ಎಳೆದರೆ ಅದು ಕೆಳಗಿನ ಬಟ್ಟೆಗೆ ಇಳಿಯುತ್ತದೆ. ಒಂದು ಬಣ್ಣಕ್ಕೆ ಒಂದು ಸ್ಕ್ರೀನ್, ಎರಡು ಬಣ್ಣಕ್ಕೆ ಎರಡು. ಲಗ್ನಪತ್ರಿಕೆ ಮುದ್ರಿಸಿಕೊಂಡು ಕೈ ಪಳಗಿಸಿಕೊಂಡ ಅನೇಕರು ನಮ್ಮ ಊರುಗಳಲ್ಲಿ ಬಟ್ಟೆಯ ಮುದ್ರಣಕ್ಕೂ ಬಂದದ್ದು ಇದೇ ಕಾರಣಕ್ಕೆ: ಚೌಕಟ್ಟು ಅದೇ, ಕೈಯ ಎಳೆತ ಅದೇ, ಬೇರೆಯಾಗುವುದು ಜಾಲರಿಯ ಸಾಂದ್ರತೆ ಮತ್ತು ಬಣ್ಣ ಮಾತ್ರ.

ಆ ಬಣ್ಣದ ಆಯ್ಕೆಯಲ್ಲೇ ಅರ್ಧ ಗುಟ್ಟು ಅಡಗಿದೆ, ಮತ್ತು ಗಿರಾಕಿಗಳು ಕೇಳದೆ ಬಿಡುವುದೂ ಅದನ್ನೇ. ನೀರು ಮೂಲದ ಬಣ್ಣವು, ಅಂದರೆ ನಮ್ಮ ಕಡೆ ಪಿಗ್ಮೆಂಟ್ ಪ್ರಿಂಟ್ ಎಂದು ಕರೆಯುವಂಥದ್ದು, ಎಳೆಗಳ ನಡುವೆ ಇಂಗುತ್ತದೆ. ನೀರು ಆರಿದ ಮೇಲೆ ಬಣ್ಣದ ಕಣಗಳನ್ನು ಬೈಂಡರ್ ಎಂಬ ಅಂಟು ಎಳೆಗೆ ಹಿಡಿದಿಡುತ್ತದೆ. ಕೈಯಾಡಿಸಿದರೆ ಅಲ್ಲಿ ಮುದ್ರಣವಿದೆ ಎಂದೇ ಅನಿಸುವುದಿಲ್ಲ. ಆದರೆ ಇಂಗುವ ಬಣ್ಣ ತೆಳುವಾಗಿರುವುದರಿಂದ ಬಿಳಿ ಅಥವಾ ತಿಳಿ ಬಣ್ಣದ ಬಟ್ಟೆಗೇ ಅದು ಹೊಂದುತ್ತದೆ; ಕಪ್ಪು ಅಂಗಿಯ ಮೇಲೆ ಅದು ಮುಳುಗಿ ಹೋಗುತ್ತದೆ. ಪ್ಲಾಸ್ಟಿಸಾಲ್ ಇದಕ್ಕೆ ತದ್ವಿರುದ್ಧ. ಪಿವಿಸಿ ಪ್ಲಾಸ್ಟಿಕ್ಕಿನ ಸೂಕ್ಷ್ಮ ಕಣಗಳನ್ನು ಅದನ್ನು ಮೃದುಗೊಳಿಸುವ ಎಣ್ಣೆಯಂಥ ದ್ರವದಲ್ಲಿ ಕದಡಿ ಮಾಡಿದ ಬಣ್ಣ ಅದು. ಗಾಳಿಯಲ್ಲಿಟ್ಟರೆ ಅದು ಎಂದಿಗೂ ಒಣಗುವುದಿಲ್ಲ. ಪದರದ ತಳದವರೆಗೂ ಸುಮಾರು 160 ಡಿಗ್ರಿ ಸೆಲ್ಸಿಯಸ್ ಕಾವು ಮುಟ್ಟಿದಾಗ ಮಾತ್ರ ಕಣಗಳು ಬೆಸೆದುಕೊಂಡು ಗಟ್ಟಿ ಪದರವಾಗುತ್ತದೆ. ಆ ಪದರ ಬಟ್ಟೆಯ ಮೇಲೆಯೇ ನಿಂತರೂ ಅದರ ಬೇರುಗಳು ನೂಲಿನ ಸಂದುಗಳಲ್ಲಿ ಕಚ್ಚಿಕೊಂಡಿರುತ್ತವೆ. ಹಾಗಾಗಿ ಬಣ್ಣ ಎದ್ದು ಕಾಣುತ್ತದೆ, ಚೆನ್ನಾಗಿ ಕಾಯಿಸಿದ್ದರೆ ಅಂಗಿ ಸವೆಯುವವರೆಗೂ ಉಳಿಯುತ್ತದೆ. ‘ಎರಡೇ ಒಗೆತಕ್ಕೆ ಒಡೆದುಹೋಯಿತು’ ಎಂಬ ದೂರಿನ ಹಿಂದೆ ಇರುವುದು ಬಹಳ ಸಲ ಕೆಟ್ಟ ಬಣ್ಣವಲ್ಲ, ಸಾಲದ ಕಾವು: ಮೇಲ್ಪದರ ಗಟ್ಟಿಯಾಗಿದೆ, ತಳ ಹಸಿಯಾಗಿಯೇ ಉಳಿದಿದೆ. ಮುದ್ರಣವಾದ ಅಂಗಿಯನ್ನು ಕೈಗೆತ್ತಿಕೊಂಡು ಅಕ್ಷರಗಳ ಜಾಗದಲ್ಲಿ ಮೆಲ್ಲನೆ ಹಿಗ್ಗಿಸಿ ನೋಡಿದರೆ ಇದು ಅಂಗಡಿಯಲ್ಲೇ ಗೊತ್ತಾಗುತ್ತದೆ. ಮಕ್ಕಳ ಉಡುಪಿಗೆ ಹಾಕಿಸುವುದಾದರೆ ಪ್ಲಾಸ್ಟಿಸಾಲಿನಲ್ಲಿ ಥಾಲೇಟ್ (ಪ್ಲಾಸ್ಟಿಕ್ಕನ್ನು ಮೃದುಗೊಳಿಸಲು ಬಳಸುವ, ಮಕ್ಕಳ ಆರೋಗ್ಯಕ್ಕೆ ಒಳ್ಳೆಯದಲ್ಲವೆನ್ನುವ ರಾಸಾಯನಿಕ) ಇಲ್ಲವೆಂಬುದನ್ನು ಕೇಳಿ ಖಚಿತಪಡಿಸಿಕೊಳ್ಳುವುದು ಒಳ್ಳೆಯದು. ನಾನಾದರೆ ಎಳೆಯ ಮಕ್ಕಳಿಗೆ ನೀರು ಮೂಲದ ಬಣ್ಣವನ್ನೇ ಆರಿಸುತ್ತೇನೆ.

ಇವೆರಡರ ನಡುವೆ ಡಿಸ್ಚಾರ್ಜ್ ಎಂಬ ಮೂರನೆಯ ದಾರಿಯೂ ಉಂಟು. ಕಪ್ಪು ಹತ್ತಿ ಬಟ್ಟೆಯ ಮೇಲೆ ಬಣ್ಣ ಹೇರುವ ಬದಲು, ಅಲ್ಲಿರುವ ಕಪ್ಪನ್ನೇ ರಾಸಾಯನಿಕದಿಂದ ಕಳೆದು ಅದೇ ಜಾಗಕ್ಕೆ ಹೊಸ ಬಣ್ಣವನ್ನು ಕೊಡುವುದು ಇದರ ಉಪಾಯ. ಕಪ್ಪು ಅಂಗಿಯ ಮೇಲೂ ಮುಟ್ಟಿದರೆ ತಿಳಿಯದಷ್ಟು ಮೆತ್ತಗಿನ ಮುದ್ರಣ ಬೇಕೆನ್ನುವವರಿಗೆ ಇದಕ್ಕಿಂತ ಚೆಂದದ್ದಿಲ್ಲ. ಆದರೆ ಹತ್ತಿಯ ಎಳೆಯೊಂದಿಗೆ ರಾಸಾಯನಿಕವಾಗಿ ಬೆಸೆದುಕೊಳ್ಳುವ ರಿಯಾಕ್ಟಿವ್ ಬಣ್ಣದಲ್ಲಿ ಅದ್ದಿದ ಅಪ್ಪಟ ಹತ್ತಿಗೆ ಮಾತ್ರ ಇದು ನಡೆಯುತ್ತದೆ, ಕೆಲವು ನೀಲಿಗಳು ಜಪ್ಪಯ್ಯ ಎಂದರೂ ಬಿಟ್ಟುಕೊಡುವುದಿಲ್ಲ, ಮುದ್ರಿಸುವಾಗ ಗಂಧಕದ ನಾತ ಬರುತ್ತದೆ, ಮತ್ತು ತೊಡುವ ಮೊದಲು ಅಂಗಿಯನ್ನು ಒಗೆಯಲೇಬೇಕು. ಅನುಭವವಿರುವ ಮುದ್ರಕರು ಸಿಕ್ಕರಷ್ಟೇ ಇದಕ್ಕೆ ಕೈಹಾಕುವುದು ಮೇಲು.

ರಾಜ್ಯೋತ್ಸವದ ಅಂಗಿಗೆ ಮರಳಿದರೆ, ಸ್ಕ್ರೀನ್ ಪ್ರಿಂಟಿಂಗ್‌ಗೆ ಅದಕ್ಕಿಂತ ಒಪ್ಪುವ ಕೆಲಸ ಇನ್ನೊಂದಿಲ್ಲ ಎನಿಸುತ್ತದೆ. ಕನ್ನಡ ಹೋರಾಟಗಾರ ಮ. ರಾಮಮೂರ್ತಿಯವರು ರೂಪಿಸಿದ ಕನ್ನಡ ಬಾವುಟದಲ್ಲಿರುವುದು ಹಳದಿ ಮತ್ತು ಕೆಂಪು, ಎರಡೇ ಬಣ್ಣ. ಎರಡೂ ಸಪಾಟು, ಒಂದರೊಳಗೊಂದು ಕರಗುವ ಛಾಯೆಗಳಿಲ್ಲ. ಬಿಳಿ ಅಂಗಿಗೆ ಎರಡು ಸ್ಕ್ರೀನ್ ಸಾಕು. ಆದರೆ ಹೆಚ್ಚಿನವರು ಕೇಳುವುದು ಕಪ್ಪು ಅಂಗಿಯನ್ನು. ಕಪ್ಪಿನ ಮೇಲೆ ನೇರವಾಗಿ ಹಳದಿ ಹಾಕಿದರೆ ಅದು ಪಾಚಿಯ ಬಣ್ಣಕ್ಕೆ ತಿರುಗುತ್ತದೆ. ಆದ್ದರಿಂದ ಮೊದಲು ಬಿಳಿಯ ಅಡಿಪದರ ಹಾಕಿ, ಅದನ್ನು ಅರೆಬರೆ ಕಾಯಿಸಿ, ಅದರ ಮೇಲೆ ಹಳದಿ ಮತ್ತು ಕೆಂಪನ್ನು ಕೂರಿಸಬೇಕು. ಅಂದರೆ ಎರಡು ಬಣ್ಣದ ಕೆಲಸಕ್ಕೆ ಮೂರು ಸ್ಕ್ರೀನ್. ‘ಎರಡೇ ಬಣ್ಣಕ್ಕೆ ಮೂರರ ದುಡ್ಡು ಯಾಕೆ’ ಎಂದು ಜಗಳಕ್ಕೆ ನಿಲ್ಲುವ ಮೊದಲು ಈ ಬಿಳಿಯನ್ನು ನೆನಪಿಸಿಕೊಳ್ಳಬೇಕು.

ಈಗ ಲೆಕ್ಕ. ಊರಿಗೊಂದು ಅಂಗಡಿಗೊಂದು ದರವಿರುವುದರಿಂದ, ಇಲ್ಲಿ ಕೊಡುವ ಅಂಕಿಗಳು ಲೆಕ್ಕದ ದಾರಿ ತಿಳಿಯಲೆಂದು ಇಟ್ಟುಕೊಂಡವು, ಮಾರುಕಟ್ಟೆಯ ಬೆಲೆಗಳಲ್ಲ. ಒಂದು ಸ್ಕ್ರೀನ್ ಸಿದ್ಧಪಡಿಸಲು 500 ರೂಪಾಯಿ, ಪ್ರತಿ ಅಂಗಿಗೆ ಬಣ್ಣ ಮತ್ತು ಕೂಲಿ ಸೇರಿ 20 ರೂಪಾಯಿ ಎಂದಿಟ್ಟುಕೊಳ್ಳೋಣ. ಸ್ಕ್ರೀನ್ ಬೇಕಿಲ್ಲದ ಡಿಜಿಟಲ್ ಮುದ್ರಣಕ್ಕೆ ಪ್ರತಿ ಅಂಗಿಗೆ 70 ರೂಪಾಯಿ ಇರಲಿ. ಮೂರು ಸ್ಕ್ರೀನಿನ ನಮ್ಮ ಕೆಲಸಕ್ಕೆ 1,500 ರೂಪಾಯಿ ಮೊದಲೇ ಖರ್ಚಾಗುತ್ತದೆ. 10 ಅಂಗಿ ಮಾಡಿಸಿದರೆ ಒಟ್ಟು 1,700, ಅಂದರೆ ಅಂಗಿಯೊಂದಕ್ಕೆ ಮುದ್ರಣಕ್ಕೇ 170 ರೂಪಾಯಿ. ಡಿಜಿಟಲ್ ಆದರೆ 700ರಲ್ಲಿ ಮುಗಿಯುತ್ತದೆ. 30 ಅಂಗಿಗೆ ಎರಡೂ 2,100ಕ್ಕೆ ಸಮನಾಗುತ್ತವೆ. 100 ಅಂಗಿಗೆ ಸ್ಕ್ರೀನಿನದು 3,500, ಡಿಜಿಟಲ್‌ನದು 7,000. ಅದೇ ವಿನ್ಯಾಸದಲ್ಲಿ ಎಂಟು ಬಣ್ಣ ಮತ್ತು ಒಂದು ಬಿಳಿ ಇದ್ದಿದ್ದರೆ ಒಂಬತ್ತು ಸ್ಕ್ರೀನಿಗೆ 4,500 ಆಗಿ, ಪ್ರತಿ ಅಂಗಿಯ ಖರ್ಚೂ 45ಕ್ಕೆ ಏರಿದೆ ಎಂದುಕೊಂಡರೆ, ಸಮನಾಗುವ ಗಡಿ 30ರಿಂದ 180ಕ್ಕೆ ಜಿಗಿಯುತ್ತದೆ. ನಿಮ್ಮೂರಿನ ದರಗಳನ್ನು ಕೇಳಿಕೊಂಡು ಈ ಅಂಕಿಗಳ ಜಾಗದಲ್ಲಿ ಇಟ್ಟರೆ ನಿಮ್ಮ ಗಡಿ ಸಿಗುತ್ತದೆ. ಇನ್ನೊಂದು ಮಾತನ್ನು ಇಲ್ಲಿಯೇ ಸೇರಿಸಬೇಕು: ಪ್ರತಿ ಅಂಗಿಯ ಬೆನ್ನಿಗೂ ಬೇರೆ ಬೇರೆ ಹೆಸರು ಬೇಕೆಂದ ಕೂಡಲೇ ಆ ಹೆಸರಿನ ಮಟ್ಟಿಗೆ ಸ್ಕ್ರೀನಿನ ಆಸೆ ಬಿಡಬೇಕು, ಏಕೆಂದರೆ ಒಂದು ಹೆಸರಿಗೆ ಒಂದು ಸ್ಕ್ರೀನ್ ಮಾಡುವುದು ಯಾರಿಗೂ ಗಿಟ್ಟುವುದಿಲ್ಲ.

ಕ್ರೀಡಾ ಜೆರ್ಸಿಗಳ ಲೋಕವೇ ಬೇರೆ. ಅಲ್ಲಿ ಬಟ್ಟೆ ಪಾಲಿಯೆಸ್ಟರ್, ವಿಧಾನ ಸಬ್ಲಿಮೇಷನ್. ದೇವರ ಮುಂದಿನ ಡಬ್ಬಿಯಲ್ಲಿ ಮುಚ್ಚಳ ಸರಿಯಾಗಿ ಹಾಕದೆ ಇಟ್ಟ ಕರ್ಪೂರ ಕರಗಿ ನೀರಾಗದೆಯೇ ದಿನದಿನಕ್ಕೆ ಸಣ್ಣಗಾಗುವುದನ್ನು ಎಲ್ಲರೂ ಕಂಡಿದ್ದೇವೆ. ಶಾಲೆಯ ವಿಜ್ಞಾನದ ಪಾಠದಲ್ಲಿ ಅದಕ್ಕೆ ಉತ್ಪತನ ಎಂದು ಹೆಸರು. ಸಬ್ಲಿಮೇಷನ್ ಬಣ್ಣವೂ ಹಾಗೆಯೇ ಘನದಿಂದ ನೇರವಾಗಿ ಆವಿಯಾಗುತ್ತದೆ. ಕಾಗದದ ಮೇಲೆ ವಿನ್ಯಾಸವನ್ನು ತಿರುಗುಮುರುಗಾಗಿ ಮುದ್ರಿಸಿ, ಅದನ್ನು ಬಟ್ಟೆಯ ಮೇಲಿಟ್ಟು ಹೀಟ್ ಪ್ರೆಸ್ಸಿನಲ್ಲಿ ಸುಮಾರು 200 ಡಿಗ್ರಿ ಕಾವಿನಲ್ಲಿ ಒಂದು ನಿಮಿಷದಷ್ಟು ಹೊತ್ತು ಒತ್ತಿದರೆ ಬಣ್ಣ ಆವಿಯಾಗಿ, ಬಿಸಿಗೆ ಸಡಿಲಗೊಂಡ ಪಾಲಿಯೆಸ್ಟರ್ ಎಳೆಯ ಒಳಕ್ಕೆ ಹೊಕ್ಕುತ್ತದೆ. ಬಟ್ಟೆ ತಣಿದಾಗ ಎಳೆ ಮುಚ್ಚಿಕೊಳ್ಳುತ್ತದೆ, ಬಣ್ಣ ಒಳಗೇ ಸೆರೆಯಾಗುತ್ತದೆ. ಮೇಲೆ ಪದರವೇ ಇಲ್ಲದ ಮೇಲೆ ಬಿರುಕು ಬಿಡುವುದಾಗಲಿ ಸಿಪ್ಪೆ ಏಳುವುದಾಗಲಿ ಎಲ್ಲಿಂದ ಬರಬೇಕು? ಬೆವರಿಗೂ ಗಾಳಿಗೂ ಅಡ್ಡಿಯಿಲ್ಲ. ಬಣ್ಣಗಳ ಸಂಖ್ಯೆಗೆ ಮಿತಿಯಿಲ್ಲ, ಪ್ರತಿ ಆಟಗಾರನ ಹೆಸರು ಮತ್ತು ಸಂಖ್ಯೆ ಬೇರೆಯಾದರೂ ಖರ್ಚು ಬೇರೆಯಾಗುವುದಿಲ್ಲ.

ಇಷ್ಟೆಲ್ಲ ಇದ್ದರೂ ಇದಕ್ಕೆ ಎರಡು ಕಟ್ಟಳೆಗಳಿವೆ, ಎರಡೂ ಮೀರಲಾಗದವು. ಬಣ್ಣ ಹೊಕ್ಕುವುದು ಪಾಲಿಯೆಸ್ಟರಿನೊಳಕ್ಕೆ ಮಾತ್ರ. ಹತ್ತಿಗೆ ಒತ್ತಿದರೆ ಮಸುಕಾಗಿ ಕಂಡು, ಒಗೆದಾಗ ಮತ್ತಷ್ಟು ಬಿಟ್ಟುಹೋಗುತ್ತದೆ. ಹತ್ತಿ ಮತ್ತು ಪಾಲಿಯೆಸ್ಟರ್ ಬೆರೆಸಿದ ಬಟ್ಟೆಯಾದರೆ ಪಾಲಿಯೆಸ್ಟರ್ ಇದ್ದಷ್ಟೇ ಬಣ್ಣ ನಿಲ್ಲುತ್ತದೆ. ಇನ್ನೊಂದು, ಇದರಲ್ಲಿ ಬಿಳಿ ಬಣ್ಣವೆಂಬುದು ಇಲ್ಲ. ಬಟ್ಟೆಯ ಬಿಳಿಯೇ ಇದರ ಬಿಳಿ. ಹಾಗಾಗಿ ಕಪ್ಪು ಜೆರ್ಸಿ ಬೇಕೆಂದರೆ ಕಪ್ಪು ಬಟ್ಟೆಯ ಮೇಲೆ ಮುದ್ರಿಸುವುದಿಲ್ಲ, ಬಿಳಿ ಬಟ್ಟೆಗೆ ಕಪ್ಪನ್ನೂ ಸೇರಿಸಿ ಇಡೀ ವಿನ್ಯಾಸವನ್ನು ಮುದ್ರಿಸುತ್ತಾರೆ. ಒಳ್ಳೆಯ ಜೆರ್ಸಿ ಮಾಡುವವರು ಬಟ್ಟೆಯ ತುಂಡುಗಳಿಗೆ ಮೊದಲು ಮುದ್ರಿಸಿ ಆಮೇಲೆ ಹೊಲಿಯುವುದು ಇದೇ ಕಾರಣಕ್ಕೆ. ಹೊಲಿದ ಅಂಗಿಗೆ ಒತ್ತಿದರೆ ಕಂಕುಳಿನ ಮಡಿಕೆಗಳಲ್ಲಿ ಬಿಳಿ ಗೆರೆಗಳು ಉಳಿದುಬಿಡುತ್ತವೆ.

ಪಾಲಿಯೆಸ್ಟರ್ ಎಳೆಯೊಳಗೆ ಬಿಸಿಗೆ ಬಣ್ಣ ಹೊಕ್ಕುವುದಾದರೆ, ಅದೇ ಬಿಸಿಗೆ ಒಳಗಿನ ಬಣ್ಣ ಹೊರಬರುವುದೂ ಸಹಜ. ಹೆಚ್ಚು ಜನರನ್ನು ಬೇಸ್ತು ಬೀಳಿಸುವ ಸಂಗತಿ ಇದು. ಕೆಂಪು ಪಾಲಿಯೆಸ್ಟರ್ ಅಂಗಿಯ ಮೇಲೆ ಬಿಳಿ ಅಕ್ಷರಗಳನ್ನು ಮುದ್ರಿಸಿ ಕಾಯಿಸುತ್ತಾರೆ. ಅಂಗಡಿಯಲ್ಲಿ ಹಾಲಿನಂತೆ ಬೆಳ್ಳಗಿದ್ದ ಅಕ್ಷರಗಳು ಕೆಲವು ದಿನ ಕಳೆಯುವಷ್ಟರಲ್ಲಿ ಗುಲಾಬಿಯಾಗಿರುತ್ತವೆ. ಬಟ್ಟೆಯನ್ನು ಕೆಂಪಾಗಿಸಿದ ಬಣ್ಣವೇ ಕಾವಿಗೆ ಆವಿಯಾಗಿ ಮೇಲಿನ ಬಿಳಿ ಪದರಕ್ಕೆ ಹತ್ತಿರುತ್ತದೆ. ಪಂದ್ಯಾವಳಿಯೊಂದಕ್ಕೆ ನಾವು ಮಾಡಿಸಿದ್ದ ಒಂದು ಕಂತಿನ ಜೆರ್ಸಿಗಳಿಗೆ ಹೀಗಾದಾಗ, ಮುದ್ರಕರು ಅಗ್ಗದ ಬಿಳಿ ಬಳಸಿದ್ದಾರೆಂದು ನಾವೂ, ನಾವು ಬಣ್ಣದ ಬಟ್ಟೆಗಳ ಜೊತೆ ಒಗೆದಿದ್ದೇವೆಂದು ಅವರೂ ವಾದಿಸಿದ್ದು ನೆನಪಿದೆ, ಎರಡೂ ಸುಳ್ಳು. ಕೆಂಪು, ಕಡುನೀಲಿ, ಕಪ್ಪು ಪಾಲಿಯೆಸ್ಟರಿಗೆ ಮುದ್ರಿಸುವುದಾದರೆ ಕಡಿಮೆ ಕಾವಿನಲ್ಲಿ ಗಟ್ಟಿಯಾಗುವ ಬಣ್ಣವನ್ನೋ, ಆವಿಯನ್ನು ತಡೆಯುವ ಬೂದು ಅಡಿಪದರವನ್ನೋ ಬಳಸುತ್ತೀರಾ ಎಂದು ಮುಂಚೆಯೇ ಕೇಳಬೇಕು. ಪ್ರಶ್ನೆಯೇ ಅರ್ಥವಾಗದಿದ್ದರೆ ಬೇರೆ ಅಂಗಡಿ ನೋಡಿಕೊಳ್ಳುವುದು ಲೇಸು.

ಡಿಜಿಟಲ್ ವಿಧಾನಗಳಲ್ಲಿ ಡಿಟಿಜಿ (ಡೈರೆಕ್ಟ್ ಟು ಗಾರ್ಮೆಂಟ್) ಎಂಬುದು ಹೆಚ್ಚುಕಡಿಮೆ ಮನೆಯ ಇಂಕ್‌ಜೆಟ್ ಪ್ರಿಂಟರಿನ ದೊಡ್ಡಣ್ಣ. ಕಾಗದದ ಬದಲು ಅಂಗಿಯನ್ನೇ ಹಲಗೆಯ ಮೇಲೆ ಹಾಸಿ ಒಳಕ್ಕೆ ತಳ್ಳುತ್ತಾರೆ. ಬಣ್ಣ ನೀರು ಮೂಲದ್ದು, ಹತ್ತಿಯ ಎಳೆಗಳ ನಡುವೆ ಕೂರುವಂಥದ್ದು, ಆದ್ದರಿಂದ ಬಿಳಿ ಹತ್ತಿ ಅಂಗಿಯ ಮೇಲೆ ಒಂದು ಭಾವಚಿತ್ರವನ್ನೋ ಜಲವರ್ಣದಂಥ ಚಿತ್ರವನ್ನೋ ಒಂದೇ ಪ್ರತಿ ಬೇಕೆಂದರೂ ಸುಂದರವಾಗಿ ಬರುತ್ತದೆ. ಕಪ್ಪು ಅಂಗಿಯಾದರೆ ಮೊದಲು ಒಂದು ದ್ರಾವಣ ಸಿಂಪಡಿಸಿ ಒಣಗಿಸಬೇಕು; ಅದರಲ್ಲಿರುವ ಲವಣಗಳು ಬಿಳಿ ಬಣ್ಣ ಒಳಗೆ ಇಂಗದಂತೆ ಮೇಲೆಯೇ ಹೆಪ್ಪುಗಟ್ಟಿಸುತ್ತವೆ. ಹೊಸ ಅಂಗಿಯ ಎದೆಯ ಮೇಲೆ ಮಸುಕಾದ ಚೌಕಾಕಾರದ ಕಲೆ ಕಂಡರೆ ಗಾಬರಿಪಡಬೇಕಿಲ್ಲ. ಅದು ಆ ದ್ರಾವಣದ ಗುರುತು, ಸಾಮಾನ್ಯವಾಗಿ ಮೊದಲ ಒಗೆತಕ್ಕೆ ಹೋಗುತ್ತದೆ. ಬಿಳಿ ಬಣ್ಣದಲ್ಲಿರುವ ಟೈಟಾನಿಯಂ ಡೈಆಕ್ಸೈಡ್ ಭಾರವಾದ್ದರಿಂದ ತಳಕ್ಕೆ ಇಳಿದು ಯಂತ್ರದ ಸೂಕ್ಷ್ಮ ರಂಧ್ರಗಳನ್ನು ಕಟ್ಟುತ್ತದೆ. ದಿನವೂ ಓಡಿಸದ ಯಂತ್ರ ಕೆಟ್ಟು ಕೂರುತ್ತದೆ. ಹೂಡಿಕೆ ದೊಡ್ಡದು, ಜೋಪಾನ ಹೆಚ್ಚು; ಸಣ್ಣ ಊರುಗಳಲ್ಲಿ ಡಿಟಿಜಿ ಸುಲಭವಾಗಿ ಸಿಗದಿರುವುದರಲ್ಲಿ ಆಶ್ಚರ್ಯವಿಲ್ಲ.

ಆ ಜಾಗವನ್ನು ಕಳೆದ ಕೆಲವೇ ವರ್ಷಗಳಲ್ಲಿ ತುಂಬಿದ್ದು ಡಿಟಿಎಫ್ (ಡೈರೆಕ್ಟ್ ಟು ಫಿಲ್ಮ್). ಇದರಲ್ಲಿ ಮುದ್ರಣ ನಡೆಯುವುದು ಬಟ್ಟೆಯ ಮೇಲಲ್ಲ, ಪ್ಲಾಸ್ಟಿಕ್ ಫಿಲ್ಮಿನ ಮೇಲೆ. ಮೊದಲು ಬಣ್ಣಗಳು, ಅವುಗಳ ಬೆನ್ನಿಗೆ ಬಿಳಿ. ಬಣ್ಣ ಹಸಿಯಿರುವಾಗಲೇ ಅದರ ಮೇಲೆ ಬಿಸಿಗೆ ಕರಗುವ ಅಂಟಿನ ಪುಡಿಯನ್ನು ಉದುರಿಸಿ, ಹೆಚ್ಚಾದದ್ದನ್ನು ಕೊಡವಿ, ಒಲೆಯಲ್ಲಿ ಕರಗಿಸುತ್ತಾರೆ. ಹೀಗೆ ಸಿದ್ಧವಾದ ಫಿಲ್ಮನ್ನು ತಿಂಗಳುಗಟ್ಟಲೆ ಇಟ್ಟುಕೊಂಡು ಬೇಕಾದಾಗ ಹೀಟ್ ಪ್ರೆಸ್ಸಿನಲ್ಲಿ ಹತ್ತು ಹದಿನೈದು ಸೆಕೆಂಡು ಒತ್ತಿದರೆ ಮುಗಿಯಿತು. ಹತ್ತಿಯಾಗಲಿ, ಪಾಲಿಯೆಸ್ಟರಾಗಲಿ, ಕಪ್ಪಾಗಲಿ, ಬಿಳಿಯಾಗಲಿ, ಇದಕ್ಕೆ ಭೇದವಿಲ್ಲ. ಫಿಲ್ಮನ್ನು ಮೀಟರ್ ಲೆಕ್ಕದಲ್ಲಿ ಮುದ್ರಿಸಿ ಕೊಡುವವರು ಬೇರೆ, ಒತ್ತುವವರು ಬೇರೆಯಾಗಿರುವುದರಿಂದ ಒಂದು ಹೀಟ್ ಪ್ರೆಸ್ ಕೊಂಡವರು ಮನೆಯ ಜಗಲಿಯಲ್ಲೇ ವ್ಯಾಪಾರ ಆರಂಭಿಸಬಹುದಾಗಿದೆ. ಜಾಣ ಗಿರಾಕಿಗಳು ಒಂದೇ ಮೀಟರಿನೊಳಗೆ ಎದೆಯ ಚಿತ್ರ, ತೋಳಿನ ಚಿಹ್ನೆ, ಹೆಸರುಗಳು ಎಲ್ಲವನ್ನೂ ಸಂದಿಲ್ಲದಂತೆ ಹೊಂದಿಸಿ ಖರ್ಚು ಇಳಿಸುತ್ತಾರೆ.

ಡಿಟಿಎಫ್‌ನ ಬಗ್ಗೆ ನನಗಿರುವ ತಕರಾರು ಅದರ ಗುಣಮಟ್ಟದ ಬಗ್ಗೆ ಅಲ್ಲ, ಅದನ್ನು ಎಲ್ಲದಕ್ಕೂ ಬಳಸುವ ರೂಢಿಯ ಬಗ್ಗೆ. ಬಣ್ಣ ಕೂರುವ ಜಾಗವನ್ನು ನೋಡಿ: ಅದು ಎಳೆಯ ಒಳಗೂ ಇಲ್ಲ, ನಡುವೆಯೂ ಇಲ್ಲ, ಅಂಟಿನ ಮೂಲಕ ಬಟ್ಟೆಯ ಮೇಲೆ ಕೂತ ತೆಳು ಪೊರೆ ಅದು. ಅಂಗೈಯಗಲದ ಚಿಹ್ನೆಗೆ ಅದರಿಂದ ತೊಂದರೆಯಿಲ್ಲ. ಎದೆಯ ತುಂಬ ಅಗಲಿಸಿದ ಚೌಕ ಚಿತ್ರವಾದರೆ, ಏಪ್ರಿಲ್ ತಿಂಗಳ ರಾಯಚೂರಿನಲ್ಲೋ ಕಲಬುರಗಿಯಲ್ಲೋ ಅದನ್ನು ತೊಟ್ಟವರಿಗೆ ಎದೆಗೆ ಪ್ಲಾಸ್ಟಿಕ್ ಹಾಳೆ ಕಟ್ಟಿಕೊಂಡಂತಾಗುತ್ತದೆ. ವಿನ್ಯಾಸ ಮಾಡುವಾಗಲೇ ಹಿನ್ನೆಲೆಯನ್ನು ತೆಗೆದು, ಅಕ್ಷರಗಳ ನಡುವೆ ಬಟ್ಟೆ ಕಾಣುವಂತೆ ಬಿಟ್ಟರೆ ಈ ತೊಂದರೆ ಬಹಳಷ್ಟು ಕಡಿಮೆಯಾಗುತ್ತದೆ. ಅಂಟು ಸಾಕಷ್ಟು ಕರಗದಿದ್ದರೆ ಅಂಚುಗಳಿಂದ ಏಳತೊಡಗುತ್ತದೆ. ಫಿಲ್ಮ್ ಎಳೆದ ಮೇಲೆ ಇನ್ನೊಮ್ಮೆ ಒತ್ತುವ ಪದ್ಧತಿ ಇರುವುದು ಅದನ್ನು ತಡೆಯಲೆಂದೇ, ಅವಸರದಲ್ಲಿ ಬಿಟ್ಟುಬಿಡುವುದೂ ಅದನ್ನೇ.

ಬಣ್ಣದ ವಿನೈಲ್ ಹಾಳೆಯನ್ನು ಯಂತ್ರದಿಂದ ಕತ್ತರಿಸಿ ಒತ್ತುವ ವಿಧಾನ ಜೆರ್ಸಿಯ ಸಂಖ್ಯೆಗಳಿಗೆ ಈಗಲೂ ಚೆನ್ನಾಗಿದೆ, ಬೇರೆಯದಕ್ಕೆ ಡಿಟಿಎಫ್ ಬಂದ ಮೇಲೆ ಅದರ ಅಗತ್ಯ ಕಡಿಮೆ. ಕಾಲರ್ ಇರುವ ಕಚೇರಿಯ ಅಂಗಿಗೆ ಮತ್ತು ಟೋಪಿಗೆ ಮುದ್ರಣಕ್ಕಿಂತ ಯಂತ್ರದ ಎಂಬ್ರಾಯಿಡರಿ ಲಕ್ಷಣವಾಗಿರುತ್ತದೆ. ಅದರ ದರ ಹೊಲಿಗೆಗಳ ಎಣಿಕೆಯ ಮೇಲೆ ನಿಂತಿದೆ, ಬಣ್ಣಗಳ ಮೇಲಲ್ಲ.

ಇನ್ನು ಕನ್ನಡ ಅಕ್ಷರಗಳ ವಿಷಯ. ಇಂಗ್ಲಿಷಿನ ದಪ್ಪ ಅಕ್ಷರಗಳನ್ನು ಯಾವ ವಿಧಾನದಲ್ಲಿ ಹಾಕಿದರೂ ಹೇಗೋ ಬರುತ್ತದೆ. ಕನ್ನಡದ ಒಂದು ‘ಸ್ತ್ರೀ’ ಅಥವಾ ‘ರಾಷ್ಟ್ರ’ ಬರೆಯಲು ಹೊರಟರೆ ಮುಖ್ಯಾಕ್ಷರದ ಕೆಳಗೆ ಅದರ ಅರ್ಧ ಗಾತ್ರದ ಒತ್ತುಗಳು ಬರುತ್ತವೆ, ಆ ಒತ್ತುಗಳ ಒಳಗಿನ ಸಂದು ಇನ್ನೂ ಚಿಕ್ಕದು. ಸ್ಕ್ರೀನಿನಲ್ಲಿ ದಪ್ಪ ಪ್ಲಾಸ್ಟಿಸಾಲನ್ನು ಒರಟು ಜಾಲರಿಯಿಂದ ಎಳೆದರೆ ಬಣ್ಣ ಸ್ವಲ್ಪ ಹರಡಿ ಆ ಸಂದುಗಳು ಮುಚ್ಚಿಹೋಗುತ್ತವೆ. ಸೆಂಟಿಮೀಟರಿಗೆ 43 ಎಳೆಗಳ ಜಾಲರಿ ದಪ್ಪ ಬರಹಕ್ಕೆ ಮತ್ತು ಬಿಳಿಯ ಅಡಿಪದರಕ್ಕೆ ಸರಿ. ಸಣ್ಣ ಒತ್ತಕ್ಷರಗಳಿದ್ದರೆ 77 ಅಥವಾ 90 ಎಳೆಯದ್ದನ್ನು ಕೇಳಬೇಕು. ಡಿಟಿಎಫ್‌ನಲ್ಲಿ ಸಮಸ್ಯೆ ಉಲ್ಟಾ: ಕೂದಲಿನಷ್ಟು ತೆಳುವಾದ ಗೆರೆಗೆ ಸಾಕಷ್ಟು ಪುಡಿ ಅಂಟುವುದಿಲ್ಲ, ಹಾಗಾಗಿ ತೆಳು ಬಾಲಗಳೂ ಕೊಂಬುಗಳೂ ಒಗೆತಕ್ಕೆ ಮೊದಲು ಬಿಡುವಂಥವು. ಅರ್ಧ ಮಿಲಿಮೀಟರಿಗಿಂತ ತೆಳುವಾದ ಗೆರೆ ಇಲ್ಲದಂತೆ ನೋಡಿಕೊಳ್ಳುವುದು ಕ್ಷೇಮ. ವಿನೈಲಿನಲ್ಲಿ ‘ಠ’ದ ನಡುವಿನ ಚುಕ್ಕೆಯನ್ನು ಕೈಯಿಂದ ಬಿಡಿಸಿ ಕೂರಿಸುವವರ ತಾಳ್ಮೆಯನ್ನು ಪರೀಕ್ಷಿಸಬಾರದು. ಎಂಬ್ರಾಯಿಡರಿಯಲ್ಲಿ ಐದು ಮಿಲಿಮೀಟರಿಗಿಂತ ಚಿಕ್ಕ ಅಕ್ಷರವೆಂದರೆ ಒತ್ತು ಹೋಗಿ ನೂಲಿನ ಗಂಟಾಗುತ್ತದೆ.

ಮುದ್ರಣಕ್ಕೂ ಮೊದಲೇ ಅಕ್ಷರ ಕೆಡುವ ಸಂದರ್ಭ ಇನ್ನೊಂದಿದೆ, ಮತ್ತು ಅದೇ ಹೆಚ್ಚು ಸಲ ಆಗುವುದು. ಕನ್ನಡ ತಂತ್ರಾಂಶಗಳಾದ ‘ನುಡಿ’ ಅಥವಾ ‘ಬರಹ’ದ ಹಳೆಯ ಫಾಂಟುಗಳಲ್ಲಿ ಬರೆದ ಕಡತವನ್ನು ಆ ಫಾಂಟು ಇಲ್ಲದ ಗಣಕಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲು ಕಾಣುತ್ತದೆ. ಅದಾದರೂ ವಾಸಿ, ತಪ್ಪೆಂದು ಎಲ್ಲರಿಗೂ ತಿಳಿಯುತ್ತದೆ. ಯೂನಿಕೋಡಿನಲ್ಲಿ ಬರೆದದ್ದನ್ನು ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸಲು ಬಾರದ ಹಳೆಯ ವಿನ್ಯಾಸ ತಂತ್ರಾಂಶದಲ್ಲಿ ಅಂಟಿಸಿದಾಗ ‘ಕರ್ನಾಟಕ’ದ ಅರ್ಕಾವತ್ತು ಬಿಡಿಬಿಡಿಯಾಗಿ ‘ಕರ್‌ನಾಟಕ’ ಎಂದಾಗುತ್ತದೆ. ಕನ್ನಡ ಓದಲು ಬಾರದ ಕೆಲಸಗಾರರಿಗೆ ಅದು ತಪ್ಪೆಂದೇ ತಿಳಿಯುವುದಿಲ್ಲ, 200 ಅಂಗಿ ಮುದ್ರಣವಾಗಿ ಬರುತ್ತವೆ. ಇದಕ್ಕೆ ಪರಿಹಾರ ಸರಳ: ಅಕ್ಷರಗಳು ಸರಿಯಾಗಿ ಮೂಡುವ ಯಂತ್ರದಲ್ಲೇ ಅವನ್ನು ಕರ್ವ್ಸ್ ಆಗಿ, ಅಂದರೆ ಅಕ್ಷರವಲ್ಲದ ಬರಿಯ ಆಕೃತಿಗಳಾಗಿ ಮಾರ್ಪಡಿಸಿ, ಪಿಡಿಎಫ್ ಕಡತವನ್ನು ಕೊಡಬೇಕು, ಜೊತೆಗೆ ಸರಿಯಾದ ಬರಹದ ಒಂದು ಚಿತ್ರವನ್ನೂ ಕಳಿಸಿ, ಸ್ಕ್ರೀನ್ ಮಾಡುವ ಮೊದಲು ಫಿಲ್ಮನ್ನು ಕಣ್ಣಾರೆ ಓದಬೇಕು. ವಾಟ್ಸ್ಆ್ಯಪ್‌ನಲ್ಲಿ ಬಂದು ಹೋಗಿ ಕುಗ್ಗಿದ ಚಿತ್ರವನ್ನೇ ಮುದ್ರಣಕ್ಕೆ ಕೊಟ್ಟು, ಅಂಚುಗಳು ಹಲ್ಲುಹಲ್ಲಾಗಿ ಬಂದಾಗ ಯಂತ್ರವನ್ನು ಬೈಯುವುದರಲ್ಲಿ ಅರ್ಥವಿಲ್ಲ.

ಅಂಗಿಯನ್ನೇ ತಪ್ಪಾಗಿ ಕೊಂಡಿದ್ದರೆ ಮೇಲಿನ ಎಲ್ಲ ಎಚ್ಚರವೂ ವ್ಯರ್ಥ. ನಮ್ಮ ಸಗಟು ಅಂಗಡಿಗಳಿಗೆ ತಿರುಪ್ಪೂರಿನಿಂದ ಬಹಳಷ್ಟು ಸಾದಾ ಟೀ ಶರ್ಟುಗಳು ಬರುತ್ತವೆ. ಅಪ್ಪಟ ಹತ್ತಿ, ಬಯೋವಾಶ್, 180 ಜಿಎಸ್‌ಎಂ ಎಂದು ಹೇಳಿ ಮಾರುವ ಅಂಗಿ ಮುದ್ರಣಕ್ಕೆ ಒಳ್ಳೆಯ ನೆಲ. ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಬಟ್ಟೆಯ ತೂಕ ಗ್ರಾಂಗಳಲ್ಲಿ. ಬಯೋವಾಶ್ ಎಂದರೆ ಕಿಣ್ವದಿಂದ ತೊಳೆದು ನೂಲಿನ ಮೇಲಿನ ಜುಂಗನ್ನು ತೆಗೆದದ್ದು. ಜುಂಗು ಇದ್ದರೆ ಕೆಲವು ಒಗೆತಗಳ ಬಳಿಕ ಅದು ಬಣ್ಣದ ನಡುವಿನಿಂದ ಮೇಲೆದ್ದು, ಬಣ್ಣ ಹೋಗದಿದ್ದರೂ ಹೋದಂತೆ ಕಾಣುತ್ತದೆ. ಮಾರುವವರ ಮಾತಿನ ಮೇಲೆ ಅನುಮಾನವಿದ್ದರೆ ಒಳಹೊಲಿಗೆಯ ಅಂಚಿನಲ್ಲಿ ಬಟ್ಟೆಯದೇ ಒಂದೆರಡು ನೂಲು ಕಿತ್ತು, ಇಕ್ಕಳದಲ್ಲಿ ಹಿಡಿದು ಬೆಂಕಿ ತಾಗಿಸಿ ನೋಡಬಹುದು: ಹತ್ತಿ ಕಾಗದ ಸುಟ್ಟ ವಾಸನೆ ಬಿಟ್ಟು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಹೊಲಿಗೆಯ ದಾರ ಸಾಮಾನ್ಯವಾಗಿ ಪಾಲಿಯೆಸ್ಟರಿನದ್ದೇ ಇರುವುದರಿಂದ ಅದನ್ನು ಸುಟ್ಟು ಮೋಸಹೋಗಬಾರದು.

ಮೊದಲು ಹೇಳಿದ ಮೂವರು ಗಿರಾಕಿಗಳ ಕಡೆ ತಿರುಗಿದರೆ, 200 ಕಪ್ಪು ಹತ್ತಿ ಅಂಗಿಗೆ ಎರಡು ಬಣ್ಣ ಬೇಕೆನ್ನುವ ಕಾಲೇಜು ಸಂಘಕ್ಕೆ ಸ್ಕ್ರೀನೇ ಸರಿ, ಎರಡನೆಯ ಮಾತಿಲ್ಲ. 15 ಅಂಗಿಯ ಗೆಳೆಯರು, ಅದರಲ್ಲೂ ಬೆನ್ನಿಗೆ ಹೆಸರು ಬೇಕೆಂದರೆ, ಡಿಟಿಎಫ್‌ಗೆ ಹೋಗಬೇಕು. ತೊಡಕಿರುವುದು 40ರ ಅಪಾರ್ಟ್‌ಮೆಂಟಿನವರದು. ಅವರು ಲೆಕ್ಕದ ಗಡಿಯ ಹತ್ತಿರ ಇದ್ದಾರೆ. ವಿನ್ಯಾಸ ಸರಳವಾಗಿದ್ದು ಮುಂದಿನ ವರ್ಷವೂ ಅದೇ ಬೇಕಾಗುವುದಾದರೆ ಸ್ಕ್ರೀನ್. ಯಕ್ಷಗಾನದ ಕಿರೀಟ, ಹಂಪಿಯ ಕಲ್ಲಿನ ರಥ ಎಂದೆಲ್ಲ ಬಣ್ಣಬಣ್ಣದ ಚಿತ್ರ ಸೇರಿಸಿದ್ದರೆ ಡಿಟಿಎಫ್. ಅಳತೆಗಳು ಕೊನೆಯ ಗಳಿಗೆಯವರೆಗೂ ಬದಲಾಗುವ ಗುಂಪಾದರೂ ಅಷ್ಟೇ, ಫಿಲ್ಮ್ ಮಾಡಿಸಿಟ್ಟುಕೊಂಡು ಅಂಗಿ ಬಂದಂತೆ ಒತ್ತಿಸಬಹುದು.

ಯಾವುದನ್ನೇ ಆರಿಸಿದರೂ ಎಲ್ಲವನ್ನೂ ಮುದ್ರಿಸುವ ಮೊದಲು ಒಂದು ಅಂಗಿಯನ್ನು ಮಾಡಿಸಿ ಮನೆಗೆ ತಂದು, ಒಂದು ದಿನ ಬಿಟ್ಟು, ಐದು ಸಲ ಒಗೆದು ನೋಡಬೇಕು. ಇಲ್ಲಿ ಒಂದು ಸೂಕ್ಷ್ಮವಿದೆ. ಇಷ್ಟು ಒಗೆತ ತಾಳುತ್ತದೆ ಎಂದು ಬಣ್ಣದ ಮತ್ತು ಫಿಲ್ಮಿನ ಕಂಪನಿಗಳು ಹೇಳುವುದು ಸಾಮಾನ್ಯವಾಗಿ ಯಂತ್ರದಲ್ಲಿ, ತಣ್ಣೀರಿನಲ್ಲಿ, ಅಂಗಿಯನ್ನು ಒಳಮಗ್ಗುಲಾಗಿ ತಿರುಗಿಸಿ ಹಾಕಿದ ಒಗೆತವನ್ನು. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಅಂಗಿ ಸೋಪಿನ ನೀರಿನಲ್ಲಿ ನೆನೆದು, ಕಲ್ಲಿನ ಮೇಲೆ ಬಿದ್ದು, ಬ್ರಷ್ಷಿನಿಂದ ಉಜ್ಜಿಸಿಕೊಂಡು, ಹಿಂಡಿಸಿಕೊಂಡು, ಮಧ್ಯಾಹ್ನದ ಬಿಸಿಲಿಗೆ ಹೋಗುತ್ತದೆ, ಆಮೇಲೆ ಮುದ್ರಣದ ಮೇಲೆಯೇ ಇಸ್ತ್ರಿ ಬೀಳುತ್ತದೆ. ಎಳೆಯೊಳಗಿನ ಬಣ್ಣಕ್ಕೆ ಬ್ರಷ್ಷಿನ ಭಯವಿಲ್ಲ. ಮೇಲೆ ಅಂಟಿಸಿದ ಪೊರೆಗೆ ಬ್ರಷ್ಷೂ ಇಸ್ತ್ರಿಯೂ ಶತ್ರುಗಳು. ಆದ್ದರಿಂದ ಮಾದರಿ ಅಂಗಿಯನ್ನು ಅದನ್ನು ನಿಜಕ್ಕೂ ತೊಡುವವರ ಮನೆಯಲ್ಲಿ ಹೇಗೆ ಒಗೆಯುತ್ತಾರೋ ಹಾಗೆಯೇ, ಅದೇ ಕಲ್ಲಿನ ಮೇಲೆ ಒಗೆಸಬೇಕು.